ಕಂಪ್ಯೂಟರ್ ಕಟ್ಟೆ: ಏಪ್ರಿಲ್ 3 ಮಾರ್ಚ್ 4 ಆದದ್ದು ಹೇಗೆ?

ಈ ಸಲ ಬಂದ ಪತ್ರಗಳಲ್ಲಿ ಐದು ತಾರೀಕಿನ ತಕರಾರಿನವು. ಮೊದಲನೆಯದಕ್ಕೆ ಉದ್ದ ಉತ್ತರ ಬರೆದಿದ್ದೇನೆ. ಉಳಿದವರು ಬೇಜಾರು ಮಾಡಿಕೊಳ್ಳಬೇಡಿ, ನಿಮ್ಮ ಮದ್ದೂ ಅರ್ಧ ಅದರಲ್ಲೇ ಉಂಟು.

ಪ್ರಶ್ನೆ: ಮಾಷ್ಟ್ರೇ, ನಮಸ್ಕಾರ. ಒಂದು ಅಡಿಕೆ ಅಂಗಡಿಗೆ ಪೈಥಾನ್‌ನಲ್ಲಿ ಸಣ್ಣ ಪ್ರೋಗ್ರಾಂ ಬರೆದುಕೊಟ್ಟಿದ್ದೇನೆ. ಯಾರು ಯಾವತ್ತು ಎಷ್ಟು ಅಡಿಕೆ ತಂದರು ಎಂಬ ಪಟ್ಟಿ ತಿಂಗಳ ಕೊನೆಗೆ ಸಿಎಸ್‌ವಿ ಫೈಲಾಗಿ ಬರುತ್ತದೆ. ನನ್ನ ಲ್ಯಾಪ್‌ಟಾಪಿನಲ್ಲಿ ಎಲ್ಲ ಸರಿ. ಅಂಗಡಿಯ ಕಂಪ್ಯೂಟರಿನಲ್ಲಿ ಎಕ್ಸೆಲ್ ತೆರೆದರೆ ಕೆಲವು ತಾರೀಕು ಎಡಕ್ಕೆ, ಕೆಲವು ಬಲಕ್ಕೆ ಅಂಟಿಕೊಂಡಿವೆ. 2024ರ ಏಪ್ರಿಲ್ ಪಟ್ಟಿಯಲ್ಲಿ 3ನೇ ತಾರೀಕು ಅಡಿಕೆ ತಂದವರಿಗೆ ಮಾರ್ಚ್ 4 ಎಂದು ಬಂದಿದೆ. ಒಬ್ಬರದಂತೂ ಡಿಸೆಂಬರ್ 4! ಸೆಲ್ಲಿನ ಫಾರ್ಮ್ಯಾಟ್ ಬದಲಿಸಿದರೂ ಪ್ರಯೋಜನ ಆಗಲಿಲ್ಲ. ನನ್ನ ಕೋಡಿನಲ್ಲಿ ತಪ್ಪೆಲ್ಲಿ?
— ಓದುಗ, ಬದಿಯಡ್ಕ

ಉತ್ತರ: ನಿಮ್ಮ ಪಟ್ಟಿಯಲ್ಲಿ ಏಪ್ರಿಲ್ 4ರ ಸಾಲು ಮಾತ್ರ ಸರಿಯಾಗಿ ಬಂದಿರಬೇಕು, ನೋಡಿ. 04-04 ಹೇಗೆ ಓದಿದರೂ ಒಂದೇ ಅಲ್ವಾ! 1ರಿಂದ 12ರವರೆಗಿನ ಉಳಿದ ದಿನಗಳೆಲ್ಲ ತಲೆಕೆಳಗಾಗಿ ಬಲಕ್ಕೆ ಕೂತಿರುತ್ತವೆ. 13ರಿಂದ ಆಚೆಯವು ಸರಿಯಾಗಿಯೇ ಕಾಣುತ್ತವೆ, ಆದರೆ ಎಡಕ್ಕೆ. ನನ್ನ ಊಹೆ ಸರಿ ಇದ್ದರೆ ಅಂಗಡಿಯ ಕಂಪ್ಯೂಟರಿನ ರೀಜನ್ ಸೆಟ್ಟಿಂಗ್ ಅಮೆರಿಕದ್ದು. ವಿಂಡೋಸ್ ಹಾಕಿಕೊಟ್ಟವರು ಅದನ್ನು ಹಾಗೆಯೇ ಬಿಟ್ಟಿದ್ದಾರೆ. ಅಮೆರಿಕದಲ್ಲಿ ಮೊದಲು ತಿಂಗಳು, ಆಮೇಲೆ ದಿನ. 03-04-2024 ಎಂದು ಕಂಡ ಕೂಡಲೇ ಎಕ್ಸೆಲ್ ಅದನ್ನು ಮಾರ್ಚ್ 4 ಮಾಡಿತು. 12-04 ಡಿಸೆಂಬರ್ 4 ಆಯಿತು. 13-04 ಸಿಕ್ಕಿದಾಗ ಹದಿಮೂರನೇ ತಿಂಗಳು ಎಲ್ಲಿಂದ ತರುವುದು? ‘ಇದು ತಾರೀಕಲ್ಲ, ಬರೀ ಅಕ್ಷರ’ ಎಂದು ಎಡಕ್ಕೆ ತಳ್ಳಿತು.

ಎಕ್ಸೆಲ್ಲಿನಲ್ಲಿ ತಾರೀಕು ಅನ್ನುವುದು ಒಂದು ವೇಷ. ಯಕ್ಷಗಾನದವರ ಹಾಗೆ ವೇಷ ಕಳಚಿ ಚೌಕಿಗೆ ಬಂದರೆ ಒಳಗಿರುವುದು ಬರೀ ಒಂದು ಸಂಖ್ಯೆ. 2024ರ ಏಪ್ರಿಲ್ 3 ಅಂದರೆ 45385. ಮಾರ್ಚ್ 4 ಅಂದರೆ 45355. ನಿಮ್ಮ ಫೈಲಿನಲ್ಲಿ 45385 ಇರಬೇಕಾದಲ್ಲಿ 45355 ಕೂತಿದೆ. ನೀವು ಫಾರ್ಮ್ಯಾಟ್ ಬದಲಿಸಿದ್ದು ಅಂದರೆ ಕಿರೀಟ ಬದಲಿಸಿದ ಹಾಗೆ, ಒಳಗಿನ ಪಾತ್ರಧಾರಿ ಅವನೇ. ಅಂಗಡಿಯವರು ಈ ಪಟ್ಟಿ ನೋಡಿ ಬಾಕಿ ಹಣಕ್ಕೆ ಬಡ್ಡಿ ಲೆಕ್ಕ ಹಾಕಿದರೆ ಒಬ್ಬರಿಗೆ 30 ದಿನ ಜಾಸ್ತಿ ಹೋಗುತ್ತದೆ, ಇನ್ನೊಬ್ಬರಿಗೆ ಕಡಿಮೆ. ಅದು ಜಗಳಕ್ಕೆ ದಾರಿ.

ಎಡ ಬಲ ನೋಡಿ ಪತ್ತೆ ಹಚ್ಚಿದ್ದು ಒಳ್ಳೆಯದೇ ಆಯಿತು. ಎಕ್ಸೆಲ್ ಸಂಖ್ಯೆಯನ್ನು ಬಲಕ್ಕೆ, ಅಕ್ಷರವನ್ನು ಎಡಕ್ಕೆ ಇಡುತ್ತದೆ. ಆದರೆ ಯಾರಾದರೂ ಚಂದಕ್ಕೆಂದು ಇಡೀ ಕಾಲಂ ನಡುವಿಗೆ ತಂದರೆ ಈ ಗುರುತು ಹೋಯಿತು. ಆಗ ಪಕ್ಕದ ಸೆಲ್ಲಿನಲ್ಲಿ ‘ಈಸ್‌ನಂಬರ್’ ಸೂತ್ರ ಹಾಕಿ ಕೇಳಿ. ಟ್ರೂ ಅಂದರೆ ಒಳಗೆ ಸಂಖ್ಯೆ ಇದೆ. ಫಾಲ್ಸ್ ಅಂದರೆ ಅದು ತಾರೀಕಿನ ಹಾಗೆ ಕಾಣುವ ಅಕ್ಷರ.

ಈಗ ಕೋಡಿಗೆ ಬರೋಣ. ನಿಮ್ಮ ಕೋಡು ಸುಳ್ಳು ಹೇಳಿಲ್ಲ, ಅರ್ಧ ಹೇಳಿ ಸುಮ್ಮನಾಗಿದೆ. ಸಿಎಸ್‌ವಿ ಅಂದರೆ ಅಲ್ಪವಿರಾಮ ಹಾಕಿದ ಅಕ್ಷರ ಅಷ್ಟೇ. ಅದರೊಳಗೆ ತಾರೀಕು ಎಂಬ ಜಾತಿಯೇ ಇಲ್ಲ. ತೆರೆಯುವ ಕಂಪ್ಯೂಟರ್ ತನಗೆ ತೋಚಿದಂತೆ ಓದುತ್ತದೆ. ಹಾಗಾಗಿ ಮನುಷ್ಯರು ಎಕ್ಸೆಲ್ಲಿನಲ್ಲಿ ತೆರೆಯುವ ಫೈಲನ್ನು ಸಿಎಸ್‌ವಿ ಮಾಡಬೇಡಿ. ನೇರವಾಗಿ ಎಕ್ಸೆಲ್ಲಿನದೇ ಫೈಲು, ಅಂದರೆ ಎಕ್ಸ್‌ಎಲ್‌ಎಸ್‌ಎಕ್ಸ್ ಬರೆಯಿರಿ, ಅದಕ್ಕೆ ಪೈಥಾನಿನ ಓಪನ್‌ಪೈಎಕ್ಸ್‌ಎಲ್ ಲೈಬ್ರರಿ ಸಾಕು. ಸೆಲ್ಲಿಗೆ ‘03-04-2024’ ಎಂಬ ಅಕ್ಷರಮಾಲೆ ಕೊಡದೆ ಪೈಥಾನಿನ ಡೇಟ್ ವಸ್ತುವನ್ನೇ ಕೊಡಿ. ಅದು 45385 ಎಂದು ಬರೆದುಕೊಳ್ಳುತ್ತದೆ. ಆಮೇಲೆ ಅದೇ ಸೆಲ್ಲಿನ ನಂಬರ್ ಫಾರ್ಮ್ಯಾಟಿಗೆ ಡಿಡಿ-ಎಂಎಂ-ವೈವೈವೈವೈ ಎಂದು ವೇಷ ಹಾಕಿ. ಇನ್ನು ಅಂಗಡಿಯ ರೀಜನ್ ಯಾವುದೇ ಇರಲಿ, ಏಪ್ರಿಲ್ 3 ಏಪ್ರಿಲ್ 3 ಆಗಿಯೇ ಇರುತ್ತದೆ. ‘ಶಾರ್ಟ್ ಡೇಟ್’ ಎಂಬ ಸಿದ್ಧ ವೇಷ ಮಾತ್ರ ಬೇಡ. ಅದು ಒಂದೊಂದು ಕಂಪ್ಯೂಟರಿನಲ್ಲಿ ಒಂದೊಂದು ಥರ ಕುಣಿಯುತ್ತದೆ. ಒಳಗಿನ ಸಂಖ್ಯೆ ಕೆಡುವುದಿಲ್ಲ ನಿಜ, ಆದರೆ ಪ್ರಿಂಟ್ ತೆಗೆದವರಿಗೆ ಗೊತ್ತಾಗುವುದು ಹೇಗೆ?

ಎಕ್ಸ್‌ಎಲ್‌ಎಸ್‌ಎಕ್ಸ್‌ರೈಟರ್ ಎಂಬ ಇನ್ನೊಂದು ಲೈಬ್ರರಿ ಬಳಸುವವರಿಗೆ ಒಂದು ಮಾತು. ಅಲ್ಲಿ ವೇಷ ನೀವೇ ಹಾಕಬೇಕು. ಮರೆತರೆ ಪಟ್ಟಿಯ ತುಂಬ 45385, 45386 ಎಂದು ಬರೀ ಸಂಖ್ಯೆ. ಡೇಟಾ ಹಾಳಾಯಿತು ಎಂದು ಹೆದರಿ ಹಲವರು ಬರೆಯುತ್ತಾರೆ. ಎಂತದೂ ಹಾಳಾಗಿಲ್ಲ ಮಾರಾಯ್ರೆ, ಪಾತ್ರಧಾರಿ ಬಣ್ಣ ಹಚ್ಚದೆ ರಂಗಕ್ಕೆ ಬಂದಿದ್ದಾನೆ ಅಷ್ಟೇ. ಹಾಗೆಯೇ ಸೆಲ್ಲಿನಲ್ಲಿ ######## ಎಂದು ಕಂಡರೆ ಮೊದಲು ಕಾಲಂ ಅಗಲ ಮಾಡಿ ನೋಡಿ.

ಇದಕ್ಕೂ ಒಂದು ಹೆಜ್ಜೆ ಹಿಂದೆ ಇನ್ನೊಂದು ಗುಂಡಿ ಉಂಟು. ಅಂಗಡಿಯವರು ಟೈಪ್ ಮಾಡಿದ ‘03-04-2024’ ಅನ್ನು ಡೇಟ್ ಮಾಡುವ ಜಾಗ. ಇಲ್ಲಿ ಪಾಂಡಾಸ್‌ಗೆ (ಪಟ್ಟಿಗಳನ್ನು ನಿಭಾಯಿಸುವ ಪೈಥಾನ್ ಲೈಬ್ರರಿ) ‘ನೀನೇ ನೋಡಿಕೊ’ ಅನ್ನಬೇಡಿ. ಅದೂ ಅಮೆರಿಕದ ಹಾಗೆ ತಿಂಗಳನ್ನು ಮೊದಲು ಹಿಡಿಯುತ್ತದೆ. ಹಳೆಯ ಆವೃತ್ತಿಗಳಂತೂ 03-04 ಅನ್ನು ಮಾರ್ಚ್ ಎಂದೂ ಅದೇ ಕಾಲಮಿನ 13-04 ಅನ್ನು ಏಪ್ರಿಲ್ ಎಂದೂ ಓದಿ, ಮಾತಿಲ್ಲದೆ ಮುಂದೆ ಹೋಗುತ್ತಿದ್ದವು. ಎರಡನೇ ಆವೃತ್ತಿಯಿಂದ ಮೊದಲ ಸಾಲು ನೋಡಿ ಒಂದು ಕ್ರಮ ಹಿಡಿಯುತ್ತದೆ, ಅದಕ್ಕೆ ಹೊಂದದ್ದು ಬಂದರೆ ತಕರಾರು ಮಾಡುತ್ತದೆ. ಆದರೂ ಮೊದಲ ಹನ್ನೆರಡು ದಿನಗಳ ಪಟ್ಟಿ ಮಾತ್ರ ಕೊಟ್ಟರೆ ತಕರಾರಿಲ್ಲದೆ ತಪ್ಪು ಮಾಡುತ್ತದೆ. ‘ಡೇಫಸ್ಟ್’ (ದಿನ ಮೊದಲು) ಎಂದು ಕೊಡಬಹುದು, ಆದರೆ ಅದು ಕಟ್ಟುನಿಟ್ಟಿನ ಅಪ್ಪಣೆ ಅಲ್ಲ. ಕ್ರಮವನ್ನೇ ಬರೆದು ಕೊಡಿ: ಶೇಕಡಾ ಗುರುತಿನ ಜೊತೆ ಸಣ್ಣ ಡಿ, ಸಣ್ಣ ಎಂ, ದೊಡ್ಡ ವೈ, ನಡುವೆ ಅಡ್ಡಗೆರೆ. ದೊಡ್ಡ ಎಂ ಹಾಕಿದರೆ ಅದು ನಿಮಿಷ.

ಪರೀಕ್ಷೆ ಮಾಡುವಾಗ ಇವತ್ತಿನ ತಾರೀಕೊಂದನ್ನೇ ಹಾಕಿ ನೋಡಬೇಡಿ. ತಿಂಗಳ 3ನೇ ತಾರೀಕು ಒಂದು, 25 ಒಂದು, ಡಿಸೆಂಬರ್ 31 ಒಂದು, 2024ರ ಫೆಬ್ರವರಿ 29 ಒಂದು ಹಾಕಿ.

ಈಗಾಗಲೇ ಕೆಟ್ಟ ಏಪ್ರಿಲ್ ಪಟ್ಟಿಗೆ ಎಂತ ಮಾಡುವುದು? ಮೂಲ ಡೇಟಾ ನಿಮ್ಮ ಹತ್ತಿರ ಇದ್ದರೆ ಇದನ್ನು ಬಿಸಾಡಿ, ಮತ್ತೆ ತೆಗೆಯಿರಿ. ಮೂಲ ಇಲ್ಲದಿದ್ದರೆ, ಬಲಕ್ಕೆ ಕೂತವಕ್ಕೆ ಮಾತ್ರ ‘ಡೇಟ್’ ಸೂತ್ರ ಹಾಕಿ ವರ್ಷ, ದಿನ, ತಿಂಗಳು ಎಂಬ ಕ್ರಮದಲ್ಲಿ ತಿರುಗಿಸಿ ಕೊಡಬಹುದು. ತಿಂಗಳಿನ ಜಾಗಕ್ಕೆ ದಿನ, ದಿನದ ಜಾಗಕ್ಕೆ ತಿಂಗಳು. ನಡುವೆ ಯಾರಾದರೂ ನಾಲ್ಕು ಸಾಲು ಕೈಯಲ್ಲಿ ತಿದ್ದಿದ್ದರೆ ಸರಿ ಇದ್ದದ್ದೂ ತಪ್ಪಾಗುತ್ತದೆ. ಮೊದಲು ಒಂದು ಪ್ರತಿ ಇಟ್ಟುಕೊಳ್ಳಿ.

ಕೆಲವರಿಗೆ ಈ ಸಂಖ್ಯೆಯನ್ನು ತಾವೇ ಕೂಡಿಸಿ ಕಳೆಯುವ ಹುಚ್ಚು. ನನಗೂ ಇತ್ತು, ಗಣಿತದ ಮಾಷ್ಟ್ರ ಜಾತಿಯೇ ಹಾಗೆ. 1900ರ ಜನವರಿ 1ಕ್ಕೆ ಸಂಖ್ಯೆ ಕೂಡಿಸಿದರೆ ತಾರೀಕು ಬರಬೇಕಲ್ಲ ಎಂದು ಒಂದು ಸಲ ಹೊರಟೆ. ಕಾಸರಗೋಡಿನವನು, ಉದಾಹರಣೆಗೆ ಹಿಡಿದದ್ದು 1956ರ ನವೆಂಬರ್ 1. ನಾವು ಕೇರಳಕ್ಕೆ ಹೋದ ದಿನ, ಬೇಕೆಂದರೂ ಮರೆಯುವುದಿಲ್ಲ. ಎಕ್ಸೆಲ್ಲಿನಲ್ಲಿ ಅದರ ಸಂಖ್ಯೆ 20760. ನನ್ನ ಕೋಡು ನವೆಂಬರ್ 3 ಎಂದಿತು! ಎರಡು ದಿನ ಎಲ್ಲಿಂದ ಬಂತು? ಒಂದು ದಿನ ನನ್ನ ತಪ್ಪು: ಎಕ್ಸೆಲ್ ಎಣಿಕೆ ಸೊನ್ನೆಯಿಂದಲ್ಲ, 1900ರ ಜನವರಿ 1 ಅಂದರೆ 1. ಇನ್ನೊಂದು ದಿನ ಎಕ್ಸೆಲ್ಲಿನದು. ಖಾಲಿ ಸೆಲ್ಲಿನಲ್ಲಿ 60 ಎಂದು ಬರೆದು ತಾರೀಕಿನ ವೇಷ ಹಾಕಿ ನೋಡಿ. 1900ರ ಫೆಬ್ರವರಿ 29 ಎಂದು ತೋರಿಸುತ್ತದೆ. ಅಂಥ ದಿನ ಲೋಕದಲ್ಲಿ ಹುಟ್ಟಿಯೇ ಇಲ್ಲ. ನೂರರಿಂದ ಭಾಗವಾಗುವ ವರ್ಷ ನಾನೂರರಿಂದಲೂ ಭಾಗವಾದರೆ ಮಾತ್ರ ಅಧಿಕ ವರ್ಷ. 2000 ಹೌದು, 1900 ಅಲ್ಲ. ಎಕ್ಸೆಲ್ಲಿಗಿಂತ ಮೊದಲು ಲೋಟಸ್ 1-2-3 ಎಂಬ ತಂತ್ರಾಂಶ ಇತ್ತು, ಆ ತಪ್ಪು ಅದರದ್ದು. ಅದರ ಫೈಲುಗಳು ಇಲ್ಲಿಯೂ ಹೊಂದಲಿ ಎಂದು ಎಕ್ಸೆಲ್ ತಪ್ಪನ್ನೂ ಹಾಗೆಯೇ ಎತ್ತಿಕೊಂಡಿತು. ಇವತ್ತಿಗೂ ಬಿಟ್ಟಿಲ್ಲ. ಹಾಗಾಗಿ ನೀವೇ ಲೆಕ್ಕ ಹಾಕುವುದಾದರೆ 1899ರ ಡಿಸೆಂಬರ್ 30ರಿಂದ ಶುರು ಮಾಡಿ. 1900ರ ಮಾರ್ಚ್ 1ರಿಂದ ಈಚೆಗೆ ಎಲ್ಲವೂ ಸರಿ ಬರುತ್ತದೆ. 1970ರ ಜನವರಿ 1ರಿಂದ ಎಣಿಸುವ ಯುನಿಕ್ಸ್ ಪದ್ಧತಿಯಿಂದ ಬರುವವರಿಗೆ, ಎಕ್ಸೆಲ್ಲಿನಲ್ಲಿ ಆ ದಿನ ಅಂದರೆ 25569. ಹಳೆಯ ಮ್ಯಾಕ್ ಫೈಲಿನಿಂದ ತಂದ ತಾರೀಕುಗಳೆಲ್ಲ ನಾಲ್ಕು ವರ್ಷ ಒಂದು ದಿನ ಹಿಂದೆ ಮುಂದೆ ಆಗಿದ್ದರೆ, ಅದು 1904ರಿಂದ ಎಣಿಸುವ ಪದ್ಧತಿ. ವ್ಯತ್ಯಾಸ 1462 ದಿನ.

ಪ್ರಶ್ನೆ: ಸರ್, ಹಾಲಿನ ಸೊಸೈಟಿಯೊಂದಕ್ಕೆ ಜಾವಾಸ್ಕ್ರಿಪ್ಟ್‌ನಲ್ಲಿ ಸಾಫ್ಟ್‌ವೇರ್ ಮಾಡಿದ್ದೇನೆ. ಬೆಳಗ್ಗೆ ಮೊದಲು ಹಾಲು ತರುವ ನಾಲ್ಕೈದು ಮನೆಯವರ ಲೆಕ್ಕ ಮಾತ್ರ ಶೀಟಿನಲ್ಲಿ ಹಿಂದಿನ ದಿನಕ್ಕೆ ಹೋಗುತ್ತದೆ. ಉಳಿದವರದ್ದು ಸರಿ. ಸದಸ್ಯರ ಜನ್ಮದಿನದ ಪಟ್ಟಿಯಲ್ಲಂತೂ ಎಲ್ಲರೂ ಒಂದು ದಿನ ಮೊದಲೇ ಹುಟ್ಟಿದ್ದಾರೆ!
— ಓದುಗಿ, ಮಂಜೇಶ್ವರ

ಉತ್ತರ: ಆ ನಾಲ್ಕೈದು ಮನೆಯವರು ಐದೂವರೆಗೆ ಮೊದಲೇ ಕ್ಯಾನ್ ಇಳಿಸುವವರು, ಹೌದೋ ಅಲ್ಲವೋ? ನಮ್ಮ ಗಡಿಯಾರ ಲೋಕದ ಯುಟಿಸಿ ಗಡಿಯಾರಕ್ಕಿಂತ ಐದೂವರೆ ಗಂಟೆ ಮುಂದೆ. ನಮ್ಮಲ್ಲಿ ಬೆಳಗ್ಗೆ 5:10 ಆದಾಗ ಅಲ್ಲಿ ಹಿಂದಿನ ರಾತ್ರಿ 11:40. ನಿಮ್ಮ ಡೇಟಾಬೇಸ್ ಯುಟಿಸಿಯಲ್ಲಿ ಬರೆದುಕೊಳ್ಳುತ್ತಿದೆ, ಶೀಟಿಗೆ ಹಾಕುವಾಗ ನೀವು ಅದನ್ನು ಭಾರತದ ಸಮಯಕ್ಕೆ ತಿರುಗಿಸುತ್ತಿಲ್ಲ. 5:30 ಆದ ಮೇಲೆ ಬಂದವರಿಗೆ ಎರಡೂ ಕಡೆ ದಿನ ಒಂದೇ, ಹಾಗಾಗಿ ತಪ್ಪು ಕಣ್ಣಿಗೆ ಬೀಳುವುದಿಲ್ಲ. ತಡವಾಗಿ ಏಳುವವರ ಸೊಸೈಟಿ ಆಗಿದ್ದರೆ ನಿಮಗೆ ಇದು ಗೊತ್ತೇ ಆಗುತ್ತಿರಲಿಲ್ಲ.

ಜನ್ಮದಿನದ ಕಥೆ ನನಗೂ ಆಗಿದೆ. ನಾನಿದ್ದ ಶಾಲೆಯ ದಾಖಲಾತಿ ಪುಸ್ತಕವನ್ನು ಕಂಪ್ಯೂಟರಿಗೆ ಏರಿಸುತ್ತಿದ್ದೆ. ಕೋಡು ನಾನೇ ಬರೆದದ್ದು, ಜಂಭವೂ ಇತ್ತು. ಪಟ್ಟಿ ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿದೆ. ಮರುದಿನ ಒಬ್ಬರು ತಾಯಿ ಬಂದು, ‘ಮಾಷ್ಟ್ರೇ, ನನ್ನ ಮಗಳು ಜನವರಿ ಒಂದಕ್ಕೆ ಹುಟ್ಟಿದ್ದು, ಹೆತ್ತವಳಿಗೆ ಗೊತ್ತಿಲ್ವಾ?’ ಎಂದರು. ಪಟ್ಟಿಯಲ್ಲಿ ಡಿಸೆಂಬರ್ 31. ದಿನ ಮಾತ್ರವಲ್ಲ, ವರ್ಷವೇ ಬದಲು. ಉಳಿದ ಮಕ್ಕಳದ್ದು ನೋಡಿದರೆ ಎಲ್ಲವೂ ಒಂದೊಂದು ದಿನ ಹಿಂದೆ. ಬೇರೆ ಯಾರೂ ಗಮನಿಸಿರಲಿಲ್ಲ. ನಮ್ಮ ಕಾಲದವರಾಗಿದ್ದರೆ ಯಾರೂ ಗಮನಿಸುತ್ತಲೂ ಇರಲಿಲ್ಲ ಬಿಡಿ. ನಮ್ಮಲ್ಲಿ ಎಷ್ಟೋ ಜನರ ಹುಟ್ಟಿದ ತಾರೀಕು ಶಾಲೆಗೆ ಸೇರಿಸುವಾಗ ಮಾಷ್ಟ್ರು ಅಂದಾಜಿಗೆ ಬರೆದದ್ದು.

ಆಗಿದ್ದು ಇಷ್ಟು. ಜಾವಾಸ್ಕ್ರಿಪ್ಟಿನಲ್ಲಿ ವರ್ಷ, ತಿಂಗಳು, ದಿನ ಕೊಟ್ಟು ಡೇಟ್ ಮಾಡಿದರೆ ಅದು ನಮ್ಮ ಊರಿನ ನಡುರಾತ್ರಿ 12 ಗಂಟೆ. ಅದನ್ನು ‘ಟುಐಎಸ್‌ಓಸ್ಟ್ರಿಂಗ್’ ಮಾಡಿದ ಕೂಡಲೇ ಯುಟಿಸಿಗೆ ಹೋಗಿ ಹಿಂದಿನ ದಿನ 18:30 ಆಗುತ್ತದೆ. ನಾನು ಮೊದಲ ಹತ್ತು ಅಕ್ಷರ ಕತ್ತರಿಸಿ ಸೆಲ್ಲಿಗೆ ಹಾಕಿದ್ದೆ. ಹತ್ತು ಅಕ್ಷರದಲ್ಲಿ ಇದ್ದದ್ದು ಹಿಂದಿನ ದಿನ.

ಹಾಲಿನ ಲೆಕ್ಕಕ್ಕೆ ಗಂಟೆ ಬೇಕು, ಹಾಗಾಗಿ ಯುಟಿಸಿಯಲ್ಲೇ ಇಡಿ. ಶೀಟಿಗೆ ಬರೆಯುವ ಮೊದಲು ಏಷ್ಯಾ/ಕೋಲ್ಕತಾ ವಲಯಕ್ಕೆ ತಿರುಗಿಸಿ, ಆಮೇಲೆ ದಿನ ತೆಗೆಯಿರಿ. ಜನ್ಮದಿನಕ್ಕೆ ಗಂಟೆ ಯಾಕೆ? ಅದನ್ನು ವರ್ಷ, ತಿಂಗಳು, ದಿನ ಎಂದು ಮಾತ್ರ ಇಡಿ, ಸಮಯ ವಲಯದ ಗಾಳಿ ಸೋಕಿಸಬೇಡಿ. ಇನ್ನೊಂದು, ಆ ಭಾಷೆಯಲ್ಲಿ ಜನವರಿ ಅಂದರೆ 0. ಒಂದು ದಿನದ ಬದಲು ಒಂದು ತಿಂಗಳು ಆಚೀಚೆ ಆದರೆ ಅಲ್ಲಿ ಹುಡುಕಿ.

ಎಕ್ಸೆಲ್ ಸೆಲ್ಲಿಗೆ ಸಮಯ ವಲಯ ಎಂಬುದೇ ಗೊತ್ತಿಲ್ಲ. ದಿನ ಪೂರ್ಣಾಂಕ, ಗಂಟೆ ದಶಮಾಂಶ, ಮಧ್ಯಾಹ್ನ 12 ಅಂದರೆ 0.5. ಅಷ್ಟೇ ಅದರ ಜ್ಞಾನ. ಪೈಥಾನಿನವರು ವಲಯ ಅಂಟಿದ ತಾರೀಕನ್ನು ಶೀಟಿಗೆ ಬರೆಯಹೊರಟರೆ ಪಾಂಡಾಸ್ ಎರರ್ ಕೊಡುತ್ತದೆ. ಆಗ ಸಿಟ್ಟಿನಲ್ಲಿ ಸುಮ್ನೆ ವಲಯ ಕಿತ್ತು ಹಾಕಬೇಡಿ. ಮೊದಲು ಭಾರತಕ್ಕೆ ತಿರುಗಿಸಿ, ಆಮೇಲೆ ಕಿತ್ತು ಹಾಕಿ. ಕ್ರಮ ತಪ್ಪಿದರೆ ಮತ್ತೆ ಐದೂವರೆ ಗಂಟೆ ಹೋಯಿತು.

ಪ್ರಶ್ನೆ: ಗುರುಗಳೇ, ಹಳ್ಳಿಯ ಜಮೀನಿನ ಪಟ್ಟಿ ಮಾಡುತ್ತಿದ್ದೇನೆ. ಗಟ್ ನಂಬರ್ (ಜಮೀನಿನ ತುಂಡಿನ ನಂಬರ್) 12/3 ಎಂದು ಇದ್ದದ್ದು 12-ಮಾರ್ಚ್ ಆಗುತ್ತದೆ. ಪತ್ರದ ಹೆಸರಿನ ಕಾಲಮಿನಲ್ಲಿ ‘7/12’ ಎಂದು ಇದ್ದದ್ದು 7-ಡಿಸೆಂಬರ್!
— ಓದುಗ, ಅಕ್ಕಲಕೋಟೆ

ಉತ್ತರ: ನಗು ಬಂತು, ಕ್ಷಮಿಸಿ. ಮಹಾರಾಷ್ಟ್ರದ ರೈತರ ಸಾತ್‌ಬಾರಾ (ಏಳು-ಹನ್ನೆರಡು) ಉತಾರ ಎಂಬ ಜಮೀನಿನ ದಾಖಲೆಯನ್ನು ಎಕ್ಸೆಲ್ ಡಿಸೆಂಬರ್ ತಿಂಗಳಿಗೆ ಕಳಿಸಿತಲ್ಲ! ಗ್ರಾಮದ ನಮೂನೆ 7 ಮತ್ತು ನಮೂನೆ 12 ಸೇರಿ ಆ ಹೆಸರು ಎಂದು ಅದಕ್ಕೆ ಹೇಳುವವರು ಯಾರು?

ಇದು ಬದಿಯಡ್ಕದ ರೋಗದ ತಿರುಗುಮುರುಗು. ಅಲ್ಲಿ ತಾರೀಕು ಅಕ್ಷರವಾಯಿತು, ಇಲ್ಲಿ ಅಕ್ಷರ ತಾರೀಕಾಯಿತು. ಒಳಗೆ ಈ ವರ್ಷದ ಡಿಸೆಂಬರ್ 7ರ ಸಂಖ್ಯೆ ಕೂತಿರುತ್ತದೆ. ಆ ಸೆಲ್ಲನ್ನು ಆಮೇಲೆ ಟೆಕ್ಸ್ಟ್ ಮಾಡಿದರೆ 7/12 ವಾಪಸ್ ಬರುವುದಿಲ್ಲ, ಐದಂಕಿಯ ಸಂಖ್ಯೆ ಬರುತ್ತದೆ. ನೀವು ಕೋಡಿನಿಂದ ನೇರ ಎಕ್ಸ್‌ಎಲ್‌ಎಸ್‌ಎಕ್ಸ್ ಬರೆದರೆ ಅಕ್ಷರ ಅಕ್ಷರವಾಗಿಯೇ ಇರುತ್ತದೆ. ಆ ಕಾಲಮಿನ ನಂಬರ್ ಫಾರ್ಮ್ಯಾಟಿಗೆ ಇಮೇಲಿನ ಸುರುಳಿ ‘ಅಟ್’ ಗುರುತು ಹಾಕಿ, ಇನ್ನೊಬ್ಬರು ಅಲ್ಲಿ ಟೈಪ್ ಮಾಡಿದರೂ ಬದಲಾಗದು. ಸಿಎಸ್‌ವಿಯೇ ಗತಿ ಎಂದಾದರೆ ಫೈಲಿನ ಮೇಲೆ ಎರಡು ಸಲ ಒತ್ತಿ ತೆರೆಯಬೇಡಿ. ಡೇಟಾ ಮೆನುವಿನಿಂದ ಒಳಗೆ ತಂದು ಆ ಕಾಲಮಿಗೆ ಟೆಕ್ಸ್ಟ್ ಎಂದು ಹೇಳಿ.

ನಿಮಗೊಬ್ಬರಿಗೇ ಆದದ್ದಲ್ಲ. ಮನುಷ್ಯರ ಜೀನ್‌ಗಳಲ್ಲಿ ಮಾರ್ಚ್1, ಸೆಪ್ಟ್1 ಎಂಬ ಹೆಸರಿನವು ಇದ್ದವು. ಎಕ್ಸೆಲ್ ಅವನ್ನು ತಾರೀಕು ಮಾಡಿ ಮಾಡಿ ವಿಜ್ಞಾನಿಗಳಿಗೆ ಸಾಕಾಗಿ ಹೋಯಿತು. 2020ರಲ್ಲಿ ಜೀನ್‌ಗಳ ಹೆಸರನ್ನು ಹೇಗಿಡಬೇಕೆಂಬ ಹೊಸ ಮಾರ್ಗಸೂಚಿ ಬಂದಾಗ ಈ ಕಾರಣವನ್ನೂ ಹೇಳಿ ಹೆಸರನ್ನೇ ಬದಲಿಸಿದರು. ನೀವು ಗಟ್ ನಂಬರ್ ಬದಲಿಸಲು ಊರಿನ ಕಂದಾಯ ಅಧಿಕಾರಿ ಬಿಡುವುದಿಲ್ಲವಲ್ಲ!

ಪ್ರಶ್ನೆ: ಜಾವಾ ಬಳಸುತ್ತೇನೆ. ವರ್ಷವಿಡೀ ಸರಿ ಇದ್ದ ಬಿಲ್ಲು 31-12-2024ರಂದು 31-12-2025 ಎಂದು ಬಂತು.
— ಓದುಗ, ಮಡಕಶಿರಾ

ಉತ್ತರ: ಜಾವಾದಲ್ಲಿ ದೊಡ್ಡ ವೈ ಹಾಕಿದ್ದೀರಿ. ಅದು ವಾರ ಯಾವ ವರ್ಷಕ್ಕೆ ಸೇರಿದ್ದು ಎಂದು ಹೇಳುತ್ತದೆ, ಆ ವಾರ 2025ರ ಮೊದಲ ವಾರ. ಸಣ್ಣ ವೈ ಹಾಕಿ. ಎಕ್ಸೆಲ್ಲಿನ ಫಾರ್ಮ್ಯಾಟಿನಲ್ಲಿ ದೊಡ್ಡದು ಸಣ್ಣದು ಎರಡೂ ಒಂದೇ, ಅಲ್ಲಿಂದ ಜಾವಾಕ್ಕೆ ನಕಲು ಮಾಡಿದಾಗ ಈ ಎಡವಟ್ಟು. ಜೊತೆಗೆ, ಜಾವಾದಿಂದ ಎಕ್ಸೆಲ್ ಫೈಲು ಬರೆಯಲು ಅಪಾಚೆ ಪಿಓಐ ಲೈಬ್ರರಿ ಬಳಸುವವರು ಪ್ರತಿ ಸಾಲಿಗೂ ಹೊಸ ಸೆಲ್ ಸ್ಟೈಲ್ ಹುಟ್ಟಿಸಬೇಡಿ. ಒಂದು ಮಾಡಿ ಎಲ್ಲದಕ್ಕೂ ಕೊಡಿ. ಒಂದು ಫೈಲಿಗೆ 64000 ಸ್ಟೈಲ್ ಮಿತಿ.

ಪ್ರಶ್ನೆ: ಮಾಷ್ಟ್ರೇ, ನಮ್ಮ ಮನೆಯ ಹಳೆಯ ಜಾಗದ ಕಾಗದಗಳ ಪಟ್ಟಿ ಮಾಡಿ ಶೀಟಿಗೆ ಹಾಕುತ್ತಿದ್ದೇನೆ. 1893ರ ಒಂದು ಕಾಗದ ಉಂಟು, ಎಕ್ಸೆಲ್ ತೆಗೆದುಕೊಳ್ಳುವುದಿಲ್ಲ. ಕೆಲವಕ್ಕೆ ಕನ್ನಡ ಅಂಕಿ, ಕೆಲವಕ್ಕೆ ಕೊಲ್ಲವರ್ಷ (ಮಲಯಾಳಿಗಳ ವರ್ಷದ ಎಣಿಕೆ).
— ಓದುಗ, ಕುಂಬಳೆ

ಉತ್ತರ: ಎಕ್ಸೆಲ್ಲಿನ ಲೋಕ 1900ಕ್ಕೆ ಶುರು. ಅದಕ್ಕಿಂತ ಹಿಂದಿನದನ್ನು ಕೋಡಿನಿಂದ ತುರುಕಿದರೆ ಋಣಸಂಖ್ಯೆ ಆಗಿ ######## ಎಂದು ನಿಲ್ಲುತ್ತದೆ, ಕಾಲಂ ಎಷ್ಟು ಅಗಲ ಮಾಡಿದರೂ ಅಷ್ಟೇ. ಲಿಬ್ರೆಆಫೀಸ್ ಕ್ಯಾಲ್ಕ್ ತೆಗೆದುಕೊಳ್ಳುತ್ತದೆ, ಆದರೆ ನಾಳೆ ಆ ಫೈಲನ್ನು ಯಾರೋ ಎಕ್ಸೆಲ್ಲಿನಲ್ಲಿ ತೆರೆಯುತ್ತಾರೆ.

ನಾನು ನನ್ನ ಅಜ್ಜನ ಪೆಟ್ಟಿಗೆಯ ಕಾಗದಗಳಿಗೆ ಮಾಡಿದ್ದು ಹೀಗೆ. ಮೊದಲ ಕಾಲಮಿನಲ್ಲಿ ಕಾಗದದಲ್ಲಿ ಹೇಗಿದೆಯೋ ಹಾಗೆಯೇ, ಟೆಕ್ಸ್ಟ್ ಆಗಿ. ಪಕ್ಕದಲ್ಲಿ ವರ್ಷ, ತಿಂಗಳು, ದಿನಕ್ಕೆ ಮೂರು ಬೇರೆ ಬೇರೆ ಸಂಖ್ಯೆಯ ಕಾಲಂ. ದಿನ ಗೊತ್ತಿಲ್ಲದಿದ್ದರೆ ಖಾಲಿ ಬಿಡಿ, ಸುಮ್ನೆ 1 ಎಂದು ತುಂಬಬೇಡಿ. ವಿಂಗಡಿಸಲು ಈ ಮೂರು ಸಾಕು. ಕನ್ನಡ ಅಂಕಿಗೆ ಹೆದರುವುದು ಬೇಡ, ಪೈಥಾನಿನ ‘ಇಂಟ್’ಗೆ ೧೮೯೩ ಎಂದು ಕೊಟ್ಟರೆ 1893 ಎಂದೇ ಓದುತ್ತದೆ. ನನಗೆ ಇದು ಗೊತ್ತಾದ ದಿನ ಚಾ ಕುಡಿಯುತ್ತಿದ್ದವನು ಲೋಟ ಕೆಳಗಿಟ್ಟಿದ್ದೆ.

ಕೊಲ್ಲವರ್ಷವನ್ನು ಇಸವಿ ಮಾಡಲು ಅದಕ್ಕೆ ಹೊಸ ವರ್ಷದಿಂದ ಡಿಸೆಂಬರ್‌ವರೆಗೆ 824, ಜನವರಿಯಿಂದ ವರ್ಷದ ಕೊನೆಯವರೆಗೆ 825 ಕೂಡಿಸಬೇಕು. 2024ರ ಆಗಸ್ಟಿನಲ್ಲಿ 1200 ಶುರುವಾಯಿತಲ್ಲ, ಅದನ್ನಿಟ್ಟು ತಾಳೆ ನೋಡಿ. ಒಂದು ಎಚ್ಚರ: ಈಗ ಹೊಸ ವರ್ಷ ಚಿಂಗಂ (ಸಿಂಹ) ತಿಂಗಳಿಗೆ, ಆದರೆ ಉತ್ತರ ಮಲಬಾರಿನಲ್ಲಿ ಹಿಂದೆ ಅದರ ಮುಂದಿನ ಕನ್ನಿ (ಕನ್ಯಾ) ತಿಂಗಳಿಂದ ಎಣಿಸುತ್ತಿದ್ದರು. ಚಿಂಗಂ ತಿಂಗಳಿನ ಕಾಗದ ಸಿಕ್ಕರೆ ಕೋಡು ಬರೆಯುವ ಮೊದಲು ಆ ಕಾಗದ ಯಾವ ಊರಿನದು ಎಂದು ನೋಡಿ.